ಗಂಧ ಹಚ್ಚಿದ ಪೆನ್‌ಡ್ರೈವ್

ಆಯುಧ ಪೂಜೆಯ ದಿನ ಬೆಳಗ್ಗೆ ನಾನು ಒರಳುಕಲ್ಲಿನ ಮುಂದೆ ಕೂತು ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ. ಮನೆಯಲ್ಲಿ ಮಿಕ್ಸಿ ಇಲ್ಲವೆಂದಲ್ಲ. ಅವತ್ತು ಅದಕ್ಕೂ ಪೂಜೆ. ಹಣೆಗೆ ಕುಂಕುಮ ಇಡಿಸಿಕೊಂಡು, ಗುದ್ದಲಿ, ಕುಡುಗೋಲು, ಬೈಕಿನ ಕೀ, ಹೊಲಿಗೆ ಮೆಷಿನ್ನುಗಳ ಸಾಲಿನಲ್ಲಿ ನಡುಮನೆಯಲ್ಲಿ ಕೂತಿತ್ತು. ಮನೆಯ ಆಯುಧಗಳಿಗೆಲ್ಲ ವರ್ಷಕ್ಕೊಂದು ದಿನ ರಜೆ ಸಿಗುತ್ತದೆ. ಅವುಗಳ ಪಾಲಿನ ಕೆಲಸವನ್ನೂ ಅವತ್ತು ಹೆಂಗಸರ ರಟ್ಟೆಯೇ ಮಾಡಬೇಕು.

ಅಡುಗೆಮನೆಯ ಬಾಗಿಲಿಗೆ ಮೈದುನ ಬಂದು ನಿಂತ. "ವದಿನಾ..." ಎಂದ.

ನಮ್ಮ ಮನೆಯಲ್ಲಿ ಕನ್ನಡ, ತೆಲುಗು ಎರಡೂ ಓಡಾಡುತ್ತವೆ. ಆದರೆ ದಿನಾಲೂ ಅವನು ನನ್ನನ್ನು ಕರೆಯುವುದು ಅತ್ತಿಗೆ ಎಂದೇ. ತೆಲುಗಿಗೆ ಇಳಿದು ವದಿನಾ ಎಂದನೆಂದರೆ ಏನೋ ಒಡೆದಿದೆ, ಇಲ್ಲವೇ ಚೆಲ್ಲಿದೆ.

"ಏನೋ ಒಡೆದೆ?" ಎಂದೆ, ಗುಂಡುಕಲ್ಲು ನಿಲ್ಲಿಸದೆ.

"ಒಡೆದಿಲ್ಲ. ನಿಮ್ ಪೆನ್‌ಡ್ರೈವು... ಅದ್ರಲ್ಲಿ ಒಂದ್ ಫೈಲು ಓಪನ್ ಆಗ್ತಿಲ್ಲ."

ನನ್ನ ಪೆನ್‌ಡ್ರೈವಿನಲ್ಲಿ ಇದ್ದದ್ದೇ ಒಂದು ಫೈಲು. ಅದಕ್ಕೆ ನಾನು ಇಟ್ಟ ಹೆಸರು 'ಅಮ್ಮನ ಹಾಡು'. ಗುಂಡುಕಲ್ಲು ನಿಂತಿತು.

ಆ ಹಾಡಿನ ವಿಷಯ ಹೇಳದಿದ್ದರೆ ನನ್ನ ಕೋಪ ಯಾರಿಗೂ ಅರ್ಥವಾಗುವುದಿಲ್ಲ. ನಮ್ಮತ್ತೆ ಮುಳಬಾಗಿಲಿನ ಆಚೆ, ತಾಯಲೂರಿನ ಕಡೆಯವರು. ಅವರ ಮಾತೂ ತೆಲುಗು, ಬೈಗುಳವೂ ತೆಲುಗು, ನನ್ನ ಜೊತೆ ಮಾತ್ರ ಕನ್ನಡ. ಕಾರ್ತೀಕದ ಒಂದು ಮಂಗಳವಾರ ನಮ್ಮ ಮನೆದೇವತೆ ಅಮ್ಮನಿಗೆ ತಂಬಿಟ್ಟಿನ ಆರತಿ. ಅಕ್ಕಿ ಕುಟ್ಟಿ ಹಿಟ್ಟು ಮಾಡಿ, ಬೆಲ್ಲ ಸೇರಿಸಿ ಉಂಡೆ ಕಟ್ಟಿ, ನಡುವೆ ಗುಳಿ ಮಾಡಿ, ತುಪ್ಪ ಹಾಕಿ ಬತ್ತಿ ಹಚ್ಚಿ, ತಟ್ಟೆಯಲ್ಲಿಟ್ಟುಕೊಂಡು ತಲೆಯ ಮೇಲೆ ಹೊತ್ತು ಗುಡಿಗೆ ಹೋಗುತ್ತೇವೆ. ಒನಕೆ ಎತ್ತಿದ ಗಳಿಗೆಯಿಂದ ಗುಡಿಯಲ್ಲಿ ದೀಪ ಇಳಿಸುವ ತನಕ ಒಂದು ಹಾಡು ನಡೆಯಬೇಕು. ಉದ್ದನೆಯ ತೆಲುಗು ಹಾಡು. ಅತ್ತೆ ಮುಂದೆ ಹೇಳುತ್ತಾರೆ, ಉಳಿದವರು ಪಲ್ಲವಿಯಂತೆ ಸೊಲ್ಲು ಎತ್ತುತ್ತಾರೆ. ಅದು ಅತ್ತೆಯಿಂದ ಸೊಸೆಗೆ ಬರುವ ಹಾಡು. ಹೆಣ್ಣುಮಕ್ಕಳು ಬೇರೆ ಮನೆಗೆ ಹೋಗುವವರೆಂದು ಅವರಿಗೆ ಕಲಿಸುವುದಿಲ್ಲ. ಅಕ್ಕಿ ಕುಟ್ಟುವ ಜಾಗಕ್ಕೆ ಗಂಡಸರು ಕಾಲಿಡುವಂತಿಲ್ಲ.

ಫೋನಿನಲ್ಲಿ ಹಿಡಿದಿಡೋಣ ಎಂದು ನಾನು ಮೊದಲೇ ಕೇಳಿದ್ದೆ. ಅತ್ತೆ ಒಪ್ಪಲಿಲ್ಲ. ಆರತಿಯ ದಿನ ಬಿಟ್ಟು ಬೇರೆ ದಿನ ಅದನ್ನು ರಾಗವಾಗಿ ಹಾಡುವಂತಿಲ್ಲ. "ಫೋನಿಗ್ ಹಾಕಿದ್ರೆ ಚಪ್ಪಲಿ ಹಾಕ್ಕೊಂಡ್ ಕೇಳ್ತಾರೆ, ಕಕ್ಕಸಲ್ ಕೂತ್ಕೊಂಡ್ ಕೇಳ್ತಾರೆ. ಅಮ್ಮಂಗೆ ಅದೇನ್ ಗತಿ ಕಣೇ? ಮಾತಾಡ್ದಂಗೆ ಹೇಳ್ತೀನಿ. ಬೇಕಾದ್ರೆ ಬರ್ಕೋ" ಎಂದರು.

ನಾನು ಮಾಲೂರಿನವಳು. ಮದುವೆಗೆ ಮುಂಚೆ ಅಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕನ್ನಡ ಟೈಪಿಂಗ್ ಕಲಿತಿದ್ದೆ. ಮೈದುನನ ಹಳೆಯ ಕಂಪ್ಯೂಟರಿನಲ್ಲಿ, ನನಗೆ ಕೈ ಕೂತಿದ್ದ ಹಳೆಯ ಕನ್ನಡ ಫಾಂಟಿನಲ್ಲೇ ಟೈಪ್ ಮಾಡಿದೆ. ತೆಲುಗು ಲಿಪಿ ನನಗೆ ಬಾರದು. ನಮ್ಮ ಕಡೆ ಎಲ್ಲರೂ ಮಾಡುವಂತೆ ತೆಲುಗು ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಪಕ್ಕದಲ್ಲಿ ಎಲೆಅಡಿಕೆ ಹಾಕಿಕೊಂಡು ಕೂರುವರು, ಒಂದೊಂದೇ ಸಾಲು ಹೇಳುವರು, ನನ್ನಿಂದ ಓದಿಸುವರು, ನಗುವರು. "ನಿನ್ ತೆಲುಗು ಕೇಳಿದ್ರೆ ಅಮ್ಮ ಗುಡಿ ಬಿಟ್ಟು ಓಡೋಗ್ತಾಳೆ ಕಣೇ."

ಹಾಡು ಮುಗಿಯಿತು. ಮಳೆಗಾಲ ಶುರುವಾಗುವ ಹೊತ್ತಿಗೆ ಅತ್ತೆಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದು 'ಊಂ', ಮತ್ತೆ ನೀರು ಬೇಕಾದಾಗ 'ನೀಳ್ಳು'. ನುಂಗಲು ಬರುತ್ತದೆ, ನಮ್ಮನ್ನೆಲ್ಲ ಗುರುತು ಹಿಡಿಯುತ್ತಾರೆ, ಅದು ಅಮ್ಮನ ದಯ. ಈ ಕಾರ್ತೀಕಕ್ಕೆ ಹಾಡಿನಲ್ಲಿ ಮುಂದೆ ನಿಲ್ಲಬೇಕಾದವಳು ನಾನು. ನನಗೆ ಬಾಯಿಪಾಠ ಬರುತ್ತಿದ್ದದ್ದು ಸೊಲ್ಲು ಮತ್ತು ಮೊದಲ ಒಂದಷ್ಟು ಸಾಲು. ಉಳಿದದ್ದೆಲ್ಲ ಆ ಫೈಲಿನಲ್ಲಿತ್ತು.

ಪೆನ್‌ಡ್ರೈವನ್ನು ನಾನು ದೇವರಮನೆಯಲ್ಲಿ, ಅಮ್ಮನ ಪಟದ ಕೆಳಗೆ, ಹಿತ್ತಾಳೆಯ ಕುಂಕುಮದ ಭರಣಿಯಲ್ಲಿ ಇಟ್ಟಿದ್ದೆ. ಕಂಪ್ಯೂಟರು ಮುದಿಯಾಗಿದೆ, ಯಾವತ್ತು ಬೇಕಾದರೂ ಕೈಕೊಡುತ್ತದೆ, ಅದರಲ್ಲಿ ಏನೂ ಇಡಬೇಡಿ ಎಂದು ಹೇಳಿದವನು ಈ ಮೈದುನನೇ. ನಮ್ಮ ಮನೆಯಲ್ಲಿ ಕೈತಪ್ಪದೆ ಉಳಿಯುವ ಜಾಗ ಅದೊಂದೇ ಎಂದು ನಂಬಿದ್ದೆ.

"ಏನ್ ಮಾಡ್ದೆ ಅದಕ್ಕೆ?"

"ಪೂಜೆಗೆ ಇಟ್ಟೆ. ಎಲ್ಲಾ ಸಾಮಾನಿಗೂ ಮಾಡ್ತೀವಲ್ಲ, ಇದನ್ಯಾಕ್ ಬಿಡ್ಬೇಕು ಅಂತ. ಗಂಧ ಹಚ್ಚಿ, ಅರಿಶಿನ ಕುಂಕುಮ ಇಟ್ಟೆ. ಆಮೇಲೆ ಅದಕ್ಕೆ ಒಂದಷ್ಟು ದೇವರ ಹಾಡೂ ತುಂಬೋಣ ಅಂತ ಕಂಪ್ಯೂಟರಿಗೆ ಚುಚ್ಚಿದೆ. ಅದು ನಿಂತೋಯ್ತು. ಎಳ್ಕೊಂಡೆ. ಮತ್ತೆ ಚುಚ್ಚಿದ್ರೆ ಫೈಲ್ ಹೆಸರು ಕಾಣುತ್ತೆ, ತೆಗೆಯೋಕ್ ಹೋದ್ರೆ ಕೆಟ್ಟೋಗಿದೆ ಅಂತ ಬರುತ್ತೆ."

"ಗಂಧ ಎಲ್ಲಿಗ್ ಹಚ್ಚಿದೆ?"

ನಾನೇ ಎದ್ದು ಹೋಗಿ ನೋಡಿದೆ. ಚುಚ್ಚುವ ತುದಿಗೇ ಹಚ್ಚಿದ್ದಾನೆ, ಮೂರು ಪಟ್ಟೆ ಎಳೆದಿದ್ದಾನೆ. ಒಳಗೆ ಅರಿಶಿನ ಹಸಿಹಸಿ ಅಂಟಿಕೊಂಡಿದೆ.

"ಕರೆಂಟ್ ಹೋಗೋ ಜಾಗಕ್ಕೆ ಒದ್ದೆ ಗಂಧ ಹಚ್ತಾರೇನೋ? ವೇಮಗಲ್ ಫ್ಯಾಕ್ಟರೀಲೂ ನೀನ್ ಹಿಂಗೇನಾ ಕೆಲ್ಸ ಮಾಡೋದು?"

"ಅಲ್ಲಿ ಮೆಷಿನ್ನಿಗೆ ಕುಂಬಳಕಾಯೇ ಒಡೀತೀವಿ ಅತ್ತಿಗೆ, ಏನೂ ಆಗಲ್ಲ."

"ಮೆಷಿನ್ ಒಳಗಡೆ ಒಡೀತೀರೇನೋ?"

ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಹಿತ್ತಲಲ್ಲಿ ಹಸುವಿಗೆ ಅರಿಶಿನ ಹಚ್ಚುತ್ತಿದ್ದ ನನ್ನ ಗಂಡ ಕೈಯೆಲ್ಲ ಹಳದಿ ಮಾಡಿಕೊಂಡು ಒಳಗೆ ಬಂದರು. ವಿಷಯ ತಿಳಿದು ಅವರು ಹೇಳಿದ ಮಾತು ನಾನು ಸಾಯುವ ತನಕ ಮರೆಯುವುದಿಲ್ಲ.

"ನಿನ್ ಫೈಲಾ ಹೋಗಿದ್ದು? ಹೋಗ್ಲಿ ಬಿಡು, ಹಬ್ಬದ ದಿನ ಗಲಾಟೆ ಯಾಕೆ. ಇನ್ನೊಂದ್ ಸಲ ಟೈಪ್ ಮಾಡ್ಕೊಂಡ್ರಾಯ್ತು."

ನಿನ್ನ ಫೈಲು! ಅವರ ತಾಯಿಯ ಹಾಡು, ಅವರ ಮನೆಯ ದೇವರು. ನಾನು ಈ ಮನೆಗೆ ಬಂದವಳು. ಹುಟ್ಟಿದಾಗಿನಿಂದ ಆ ಹಾಡು ಕಿವಿಯ ಮೇಲೆ ಬೀಳುತ್ತಿದ್ದರೂ ಒಂದು ದಿನವೂ ತಾಯಿಯ ಪಕ್ಕ ಕೂತು ಇದರ ಅರ್ಥವೇನಮ್ಮ ಎಂದು ಕೇಳದವರು ಈ ಅಣ್ಣತಮ್ಮಂದಿರು. ಇರುವ ತನಕ ಅದು ಮನೆಯ ಹಾಡು, ಕೆಟ್ಟುಹೋದ ಗಳಿಗೆಯಿಂದ ನನ್ನ ಫೈಲು.

"ಇನ್ನೊಂದ್ ಸಲ ಯಾರನ್ನ ಕೇಳ್ಕೊಂಡ್ ಟೈಪ್ ಮಾಡ್ಲಿ, ಹೇಳ್ರೀ" ಎಂದು ನಡುಮನೆಯ ಮಂಚದ ಕಡೆ ಕೈ ತೋರಿಸಿದೆ. ಅತ್ತೆ ಮಲಗಿದ್ದಲ್ಲಿಂದಲೇ ನೋಡುತ್ತಿದ್ದರು. ಎಲ್ಲವೂ ಕೇಳಿಸಿತ್ತು. ನನ್ನ ಗಂಡ ಹಳದಿ ಕೈಯನ್ನು ಪಂಚೆಗೆ ಒರೆಸಿಕೊಂಡು ಹೊರಗೆ ಹೋದರು. ಆ ಕಲೆಯನ್ನೂ ನಾನೇ ತಿಕ್ಕಬೇಕು.

ಅಷ್ಟರಲ್ಲಿ ಶ್ರೀನಿವಾಸಪುರದಿಂದ ನಾದಿನಿಯ ಫೋನು. ಹಬ್ಬದ ಮಾತಾಡಲು ಮಾಡಿದ್ದಳು, ತಮ್ಮನ ಬಾಯಿಂದ ಸುದ್ದಿ ಕೇಳಿ ನನ್ನನ್ನು ಸಮಾಧಾನ ಮಾಡಲು ಹೊರಟಳು. "ಅಮ್ಮನ ಇಚ್ಛೆ ಹಂಗಿತ್ತೇನೋ ಬಿಡಿ ವದಿನಾ. ಆಯಮ್ಮಂಗೆ ಬರೆಯೋದು ಇಷ್ಟ ಇರ್ಲಿಲ್ವೇನೋ."

"ಗಂಧ ಹಚ್ಚಿದ್ದು ನಿನ್ ತಮ್ಮ ಕಣಮ್ಮ. ಅಮ್ಮನ ತಲೆಗ್ಯಾಕ್ ಕಟ್ತೀಯ?" ಎಂದು ಫೋನಿಟ್ಟೆ. ಮಾಡುವುದು ಗಂಡಸರು, ಹೊರೆ ಹೊರುವುದು ದೇವರು. ನಮ್ಮ ಕಡೆ ಇದೊಂದು ಅಭ್ಯಾಸವಾಗಿಬಿಟ್ಟಿದೆ.

ಒಬ್ಬಟ್ಟು ತಟ್ಟಿದೆ. ಕೋಪದಲ್ಲಿ ತಟ್ಟಿದ್ದಕ್ಕೋ ಏನೋ ಹಾಳೆಯ ಹಾಗೆ ತೆಳ್ಳಗೆ ಬಂದವು, ಒಂದೂ ಹರಿಯಲಿಲ್ಲ. ಅದೂ ಒಂದು ಪುಣ್ಯವೇ. ದೀಪ ಹಚ್ಚುವಾಗ ದಿನಾ ಹೇಳಿಕೊಳ್ಳುವುದನ್ನು ಹೇಳಿಕೊಳ್ಳಲಿಲ್ಲ. "ನಿನ್ ಮಡಿಲಲ್ಲೇ ಇಟ್ಟಿದ್ದೆ. ಕಾಯೋಕಾಗ್ಲಿಲ್ವಾ?" ಎಂದು ಅಮ್ಮನನ್ನೇ ಕೇಳಿಬಿಟ್ಟೆ. ಪಟದ ಮೇಲಿನ ಹೂವು ಬೀಳಲೂ ಇಲ್ಲ, ಏನೂ ಇಲ್ಲ. ಪೆನ್‌ಡ್ರೈವನ್ನು ಒಣಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟು, "ಇದನ್ನ ಯಾರಾದ್ರೂ ಮುಟ್ಟಿದ್ರೆ ನೋಡಿ" ಎಂದು ಮನೆಯವರಿಗೆಲ್ಲ ಕೇಳುವಂತೆ ಹೇಳಿದೆ.

ವಿಜಯದಶಮಿ ಕಳೆದು ಅಂಗಡಿಗಳು ಬಾಗಿಲು ತೆಗೆದ ದಿನ, ಮೈದುನನ ಬೈಕಿನ ಹಿಂದೆ ಕೂತು ನಮ್ಮೂರು ವಕ್ಕಲೇರಿಯಿಂದ ಕೋಲಾರಕ್ಕೆ ಹೋದೆ. ದಾರಿಯುದ್ದಕ್ಕೂ ಬೈಕಿಗೆ ಕಟ್ಟಿದ್ದ ಬಾಳೆಕಂದು ಒಣಗಿ ಮುಖಕ್ಕೆ ಬಡಿಯುತ್ತಿತ್ತು. ಅದಕ್ಕೂ ಸಿಟ್ಟು ಬಂತು.

ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿ ಮೇಲೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗಡಿಯವರು ಪೆನ್‌ಡ್ರೈವನ್ನು ಮೂಗಿನ ಹತ್ತಿರ ಹಿಡಿದರು.

"ಗಂಧ ಹಚ್ಚಿದೀರ, ಅರಿಶಿನ ಕುಂಕುಮ ಇಟ್ಟಿದೀರ. ಹೂವ ಒಂದ್ ಮುಡಿಸೋದು ಮರ್ತಿದೀರ ಮೇಡಂ."

ನಾನು ಮೈದುನನ ಕಡೆ ನೋಡಿದೆ. ಅವನು ಗೋಡೆಯ ಕ್ಯಾಲೆಂಡರ್ ಓದತೊಡಗಿದ.

"ಬ್ಯಾಕಪ್ ಎಲ್ಲಿದೆ?"

"ಇದ್ದಿದ್ರೆ ನಿಮ್ ಮೆಟ್ಲು ಹತ್ತಿ ಯಾಕಪ್ಪ ಬರ್ತಿದ್ದೆ?"

"ಎಲ್ರೂ ಹಿಂಗೇ. ಹೋದ್ಮೇಲೆ ಬರ್ತಾರೆ" ಎಂದು ನಕ್ಕರು. ಈ ಬ್ಯಾಕಪ್ ಎಂಬ ಮಾತು ಹಬ್ಬದಿಂದೀಚೆಗೆ ಎಲ್ಲರ ಬಾಯಲ್ಲೂ ಕುಣಿಯುತ್ತಿತ್ತು. ಹಾಲು ಹಾಕಿಸಿಕೊಳ್ಳುವ ಡೇರಿಯವನೂ ಕೇಳಿದ್ದ. ಬಿದ್ದವರ ಮುಂದೆ ನಿಂತು ನೋಡ್ಕೊಂಡ್ ನಡೀಬಾರ್ದಾ ಎನ್ನುವವರಿಗೆ ನಮ್ಮಲ್ಲಿ ಬರವಿಲ್ಲ.

ಆದರೂ ಅವರು ಕೆಲಸ ಬಲ್ಲವರು. ಏನನ್ನೋ ಹಾಕಿ ಬ್ರಷ್ಷಿನಿಂದ ತುದಿಯನ್ನು ತೊಳೆದು ಒಣಗಿಸಿದರು. ಒಳಗಿದ್ದದ್ದನ್ನು ಮೊದಲು ತಮ್ಮ ಕಂಪ್ಯೂಟರಿಗೆ ಇದ್ದ ಹಾಗೇ ನಕಲು ಮಾಡಿಕೊಂಡರು. ಏನು ಮಾಡಿದರೂ ನಕಲಿನ ಮೇಲೆ ಮಾಡಬೇಕು, ಮೂಲವನ್ನು ಮುಟ್ಟಬಾರದು ಎಂದರು. ಆ ಒಂದು ಮಾತಿಗೆ ಅವರು ನಕ್ಕಿದ್ದನ್ನು ಮನಸ್ಸಿನಲ್ಲೇ ಅರ್ಧ ಮನ್ನಿಸಿದೆ.

ಫೈಲನ್ನು ತೆಗೆಯುವಾಗಲೇ ರಿಪೇರಿ ಮಾಡುವ ದಾರಿಯೊಂದಿದೆಯಂತೆ, ಅದು ಆಗಲಿಲ್ಲ. ಬೇರೆ ತಂತ್ರಾಂಶದಲ್ಲಿ ತೆರೆದು ನೋಡಿದರು, ಅದೂ ಆಗಲಿಲ್ಲ. ಕೊನೆಗೆ, "ಫೈಲ್ ಬಿಟ್ಬಿಡಿ. ಒಳಗಿರೋ ಅಕ್ಷರ ಮಾತ್ರ ಕೆರೆದು ತೆಗೆಯೋಕಾಗುತ್ತಾ ನೋಡ್ತೀನಿ" ಎಂದು ಏನೋ ಒತ್ತಿದರು. ಪರದೆಯ ತುಂಬ ಅಕ್ಷರಗಳು ಬಂದವು. ತಲೆಯ ಮೇಲೆ ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು, ನಡುವೆ ಬ್ರಿಟಿಷರ ದುಡ್ಡಿನ ಗುರುತು, ಚುಕ್ಕೆ, ಗೆರೆ.

"ನೋಡಿ, ಬರೀ ಕಸ. ಎಲ್ಲಾ ಹೋಗಿದೆ ಮೇಡಂ" ಎಂದು ಮುಚ್ಚಲು ಹೋದರು.

"ಮುಚ್ಬೇಡಿ!" ಎಂದೆ. ಕೂಗಿದೆ ಎಂದರೇ ಸರಿ. ಆ ಟೋಪಿ ಅಕ್ಷರಗಳ ಪರಿಚಯ ನನಗಿತ್ತು. ಮಾಲೂರಿನ ಕ್ಲಾಸಿನಲ್ಲಿ ಫಾಂಟ್ ಬದಲಾಯಿಸುವುದು ಮರೆತರೆ ನಾನು ಟೈಪ್ ಮಾಡಿದ ಕನ್ನಡವೆಲ್ಲ ಪರದೆಯ ಮೇಲೆ ಹೀಗೇ ಕಾಣುತ್ತಿತ್ತು. "ಇದು ಕಸ ಅಲ್ಲಪ್ಪ. ಹಳೇ ಕನ್ನಡ ಫಾಂಟು. ಅದನ್ನ ಹಾಕಿ ನೋಡಿ."

"ಅದನ್ನ ಈಗ ಯಾರೂ ಬಳಸಲ್ಲ ಮೇಡಂ."

"ನಾನ್ ಬಳಸ್ತೀನಿ."

ಅವರ ಬಳಿ ಇರಲಿಲ್ಲ. ಗೊಣಗಿಕೊಂಡೇ ಎಲ್ಲಿಂದಲೋ ಇಳಿಸಿಕೊಂಡರು. ಎಲ್ಲವನ್ನೂ ಒಟ್ಟಿಗೆ ಹಿಡಿದು ಫಾಂಟ್ ಬದಲಿಸಿದರು. ಟೋಪಿಗಳೆಲ್ಲ ಉದುರಿ ಕನ್ನಡ ಅಕ್ಷರಗಳು ನಿಂತವು. ನಾನು ಕೈಮುಗಿದೆ, ಯಾರಿಗೆ ಎಂದು ಕೇಳಬೇಡಿ.

ಅಂಗಡಿಯವರು ಮಾತ್ರ ತಲೆ ಅಲ್ಲಾಡಿಸಿದರು. "ಇಲ್ಲ ಮೇಡಂ, ಇನ್ನೂ ಕೆಟ್ಟೇ ಇದೆ. ಅಕ್ಷರ ಬಂತು, ಆದ್ರೆ ಪದಗಳೆಲ್ಲ ಕಲಸಿಹೋಗಿವೆ. ನೋಡಿ, 'ಗಡಪ ಕಡಿಗಿತಿ ತಲ್ಲಿ, ಮುಗ್ಗು ಏಸಿತಿ ತಲ್ಲಿ'. ಇದಕ್ಕೇನಾದ್ರೂ ಅರ್ಥ ಇದೆಯಾ?"

ಕ್ಯಾಲೆಂಡರ್ ಬಿಟ್ಟು ಮೈದುನ ಹತ್ತಿರ ಬಂದ. "ಹೊಸ್ತಿಲು ತೊಳೆದೆ ತಾಯಿ, ರಂಗೋಲಿ ಹಾಕಿದೆ ತಾಯಿ ಅಂತ. ತೆಲುಗು ಸಾರ್. ನೀವ್ ಯಾವ್ ಕಡೆಯೋರು?"

"ಹಾಸನ."

"ಅದಕ್ಕೇ."

"ತೆಲುಗನ್ನ ಕನ್ನಡದಲ್ಲಿ ಯಾಕ್ರೀ ಬರೀತೀರ?"

"ಕೋಲಾರದಲ್ಲಿ ಅಂಗಡಿ ಇಟ್ಕೊಂಡು ಹಿಂಗ್ ಕೇಳ್ತೀರಲ್ಲ ಸಾರ್" ಎಂದು ಮೈದುನ ನಗುತ್ತ ಮುಂದಿನ ಸಾಲುಗಳನ್ನು ಓದಿಕೊಂಡು ಹೋದ. ಓದುತ್ತ ಓದುತ್ತ ಅವನ ದನಿ ತಾನೇ ರಾಗಕ್ಕೆ ತಿರುಗಿತು.

"ಚಪ್ಪಲಿ!" ಎಂದೆ. ಅವನು ಬಾಯಿ ಮುಚ್ಚಿ, ಕಾಲಿನಿಂದ ಚಪ್ಪಲಿ ಜಾರಿಸಿ ಕುರ್ಚಿಯ ಕೆಳಗೆ ತಳ್ಳಿದ. "ಬಿಟ್ರೂ ಹಾಡಂಗಿಲ್ಲ. ಓದು ಅಷ್ಟೇ."

ಹೊಸ್ತಿಲು ತೊಳೆಯುವುದಿತ್ತು, ರಂಗೋಲಿ ಇತ್ತು, ಅಕ್ಕಿ ಕುಟ್ಟುವುದು, ಬೆಲ್ಲ ಬೆರೆಸುವುದು, ದೀಪ ಹಚ್ಚಿ ತಲೆಗೆ ಏರಿಸುವುದು ಎಲ್ಲ ಇತ್ತು. ಅಲ್ಲಿಂದ ಮುಂದೆ ಸಣ್ಣ ಸಣ್ಣ ಚೌಕಗಳು, ಪ್ರಶ್ನೆಯ ಗುರುತುಗಳು. ಯಾವ ಫಾಂಟ್ ಹಾಕಿದರೂ ಅವು ಅಲುಗಲಿಲ್ಲ. ಅದಾದ ಮೇಲೆ ಗುಡಿಯಲ್ಲಿ ದೀಪ ಇಳಿಸುವ ಸಾಲುಗಳು. ಮನೆಯಿಂದ ಗುಡಿಗೆ ನಡೆಯುವ ಭಾಗ ಪೂರ್ತಿ ಹೋಗಿತ್ತು.

"ಬಹುಪಾಲು ಬಂತಲ್ಲ ಮೇಡಂ. ಖುಷಿಪಡಿ" ಎಂದರು ಅಂಗಡಿಯವರು.

"ಸೀರೆ ನಡುಮಧ್ಯದಲ್ಲಿ ಸುಟ್ಟೋದ್ರೆ ಬಹುಪಾಲು ಇದೆ ಅಂತ ಉಟ್ಕೊಳೋಕಾಗುತ್ತೇನಪ್ಪ?"

ಅವರ ಮೇಲೆ ರೇಗಬಾರದಿತ್ತು. ಆದರೆ ರೇಗಬೇಕಾದವನ ಮೇಲೆ ರೇಗಿ ರೇಗಿ ನನಗೂ ಸಾಕಾಗಿತ್ತು. ಬಂದಷ್ಟನ್ನು ಹೊಸ ಫೈಲು ಮಾಡಿಸಿ, ಪ್ರಿಂಟ್ ಹಾಕಿಸಿ, ನನ್ನ ಫೋನಿಗೆ, ಗಂಡನ ಫೋನಿಗೆ, ನಾದಿನಿಗೆ, ಮೈದುನನ ಮೇಲ್‌ಗೆ ಎಲ್ಲ ಕಳಿಸಿದೆ. ಇನ್ನು ಯಾರಾದರೂ ಬ್ಯಾಕಪ್ ಎಂದು ಬಾಯಿಬಿಡಲಿ ನೋಡೋಣ.

ಮನೆಗೆ ಬಂದು ಕೈಕಾಲು ತೊಳೆದುಕೊಂಡು ಅತ್ತೆಯ ಮಂಚದ ಪಕ್ಕ ಕೂತೆ. ಮುಚ್ಚಿಡುವುದು ನನ್ನಿಂದಾಗದು. "ಹಾಡು ಸಿಕ್ತು ಅತ್ತೆ. ಆದ್ರೆ ದಾರಿ ಹೋಗಿದೆ" ಎಂದು ಹೇಳಿ, ಮಾತಿನ ಹಾಗೆ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ನನ್ನ ತೆಲುಗು ಎಡವಿದ ಕಡೆಯೆಲ್ಲ ಸರಿಯಿದ್ದ ಕಡೆಯ ತುಟಿ ಸ್ವಲ್ಪ ಎಳೆಯುತ್ತಿತ್ತು. ಆಗಿನ ನಗುವಿನಲ್ಲಿ ಉಳಿದದ್ದು ಅಷ್ಟು.

ದೀಪ ಎತ್ತುವ ಸಾಲಿಗೆ ಬಂದು ನಿಲ್ಲಿಸಿದೆ. ಅತ್ತೆ ಕಣ್ಣು ಬಿಟ್ಟರು. ಎಡಗೈ ಎತ್ತಿದರು. ಮೈದುನ ಅವರ ಕಾಲ ಬಳಿ ನಿಂತಿದ್ದ. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದುಕೊಂಡೆ. ಕೈ ಮಂಚದ ಪಟ್ಟಿಯ ಮೇಲೆ ಬಿತ್ತು. ಮತ್ತೆ ಬಿತ್ತು. ಒನಕೆಯ ಪೆಟ್ಟಿನಂತಲ್ಲ, ಅದಕ್ಕಿಂತ ನಿಧಾನ. ತಲೆಯ ಮೇಲೆ ದೀಪ ಹೊತ್ತವರು ಹೆಜ್ಜೆ ಇಡುವಂತೆ.

ಮೈದುನ ಬಗ್ಗಿ ಮಂಚದ ಕಾಲು ಹಿಡಿದುಕೊಂಡ. ಅವನ ಬಾಯಲ್ಲಿ ಏನೋ ಬಂತು. "ಗಾಲೀ ಗಾಲೀ ಪಕ್ಕಕಿ ಪೋವೇ, ದೀಪಂ ವಸ್ತಾಂದಿ."

ಗಾಳಿಯೇ ಗಾಳಿಯೇ ಪಕ್ಕಕ್ಕೆ ಸರಿ, ದೀಪ ಬರುತ್ತಿದೆ. ಅತ್ತೆ "ಊಂ" ಎಂದರು. ಕೈ ನಿಲ್ಲಲಿಲ್ಲ.

"ನಿಂಗ್ ಹೆಂಗೋ ಗೊತ್ತಿದು?"

"ಸಣ್ಣೋನಿದ್ದಾಗ ಅಮ್ಮನ ಸೆರಗು ಹಿಡ್ಕೊಂಡು ಗುಡೀ ತನಕ ಹೋಗ್ತಿದ್ನಲ್ಲ. ಕುಟ್ಟೋ ಕಡೆ ಬಿಡ್ತಿರ್ಲಿಲ್ಲ, ದಾರೀಲಿ ಬಿಡ್ತಿದ್ರು."

ಅವನಿಗೆ ಗೊತ್ತಿದ್ದದ್ದು ಆ ದಾರಿಯೊಂದೇ. ಅಂಗಡಿಯಲ್ಲಿ ನೆನಪಾಗಿರಲಿಲ್ಲ, ತಾಯಿಯ ಕೈ ಬಡಿದ ಮೇಲೆ ಬಂತು. ಬಂದದ್ದೆಲ್ಲ ಸರಿಯೂ ಇರಲಿಲ್ಲ. ತಪ್ಪಿದರೆ ಅತ್ತೆಯ ಕೈ ನಿಲ್ಲುತ್ತಿತ್ತು, ಅವನು ಬೇರೆ ಮಾತು ಹುಡುಕುತ್ತಿದ್ದ, ಸಿಕ್ಕರೆ ಕೈ ಮತ್ತೆ ನಡೆಯುತ್ತಿತ್ತು. ನಾನು ಪ್ರಿಂಟಿನ ಹಿಂದೆ ಪೆನ್ನಿನಲ್ಲಿ ಬರೆದುಕೊಂಡೆ. ಗುಡಿಯ ಹತ್ತಿರ ಬರುವಾಗ ಒಂದಷ್ಟು ಸಾಲು ಎಷ್ಟು ಕೆದಕಿದರೂ ಬರಲಿಲ್ಲ. ಅತ್ತೆ ಬರೀ ಬಡಿದರು, ಬಡಿದು ಬಡಿದು ಕೈ ಸೋತು ಹಾಸಿಗೆಯ ಮೇಲಿಟ್ಟರು. ಆ ಜಾಗ ಖಾಲಿ ಬಿಟ್ಟಿದ್ದೇನೆ. ಕಾರ್ತೀಕದಲ್ಲಿ ಅಲ್ಲಿಗೆ ಬಂದಾಗ ಬಾಯಿ ಮುಚ್ಚಿ ಹೆಜ್ಜೆ ಮಾತ್ರ ಹಾಕುತ್ತೇವೆ. ಬೇರೆ ಯಾರೋ ಹೊಸ ಸಾಲು ಕಟ್ಟಿ ತುಂಬಿಸಲು ನಾನು ಬಿಡುವುದಿಲ್ಲ.

"ಅಲ್ಲೋ, ಇಷ್ಟು ಗೊತ್ತಿಟ್ಕೊಂಡು ಇಷ್ಟು ವರ್ಷ ಒಂದ್ ಮಾತು ಹೇಳ್ಲಿಲ್ವಲ್ಲ?"

"ನನ್ನ ಯಾರ್ ಕೇಳಿದ್ರು ಅತ್ತಿಗೆ?"

ಆ ಮಾತಿಗೆ ನನಗೆ ಇನ್ನಷ್ಟು ಕೋಪ ಬಂತು. ಕೆಡಿಸಿದವನೇ ಕೊಟ್ಟವನೂ ಆದರೆ ಬೈಯುವವಳು ಎಲ್ಲಿ ನಿಂತು ಬೈಯಬೇಕು? ಅವನಿಗೆ ನಾನು ಇನ್ನೂ ಕ್ಷಮಿಸಿದೆ ಎಂದು ಹೇಳಿಲ್ಲ. ಸದ್ಯಕ್ಕೆ ಹೇಳುವುದೂ ಇಲ್ಲ. ಅತ್ತೆಗೆ ಕೈ ಆಡುತ್ತದೆ, ಹಾಡಿಗೆ ನಡಿಗೆ ಉಳಿದಿದೆ, ಪೆನ್‌ಡ್ರೈವು ಸುಟ್ಟುಹೋಗಲಿಲ್ಲ. ಇಷ್ಟನ್ನು ಅಮ್ಮನ ಪಟದ ಮುಂದೆ ಒಪ್ಪಿಕೊಂಡು ಕೈಮುಗಿದೆ. ಕಾಯೋಕಾಗ್ಲಿಲ್ವಾ ಎಂದು ಅವತ್ತು ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನೀಳ್ಳು" ಎಂದರು ಅತ್ತೆ. ನೀರು ಕುಡಿಸಿದೆ. ಮೈದುನ ಪ್ರಿಂಟನ್ನು ಕುಂಕುಮದ ಭರಣಿಯ ಕಡೆ ಒಯ್ಯುತ್ತಿದ್ದ. ಅವನ ಕೈಯಿಂದ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆ, ಹಬ್ಬ ಕಳೆದರೂ ಯಾರೂ ಎತ್ತದೆ ನಡುಮನೆಯಲ್ಲಿ ಇನ್ನೂ ಪೂಜೆಗೆ ಕೂತಿದ್ದ ಮಿಕ್ಸಿಯನ್ನು ಎತ್ತಿಕೊಂಡು ಬಂದು, ಅದರ ಹಣೆಯ ಕುಂಕುಮವನ್ನು ಒಣಬಟ್ಟೆಯಲ್ಲಿ ಒರೆಸಿ, ರಾತ್ರಿಯ ಚಟ್ನಿಗೆ ಕಾಯಿ ತುರಿಯಲು ಕೂತೆ.